ಆಗದೆ ಹೋದ ಖರ್ಚಿನ ಲೆಕ್ಕ: ಕಟ್ಟಡದ ಡಿಜಿಟಲ್ ಮಾದರಿ ಮತ್ತು ಉಳಿತಾಯದ ಅಳತೆ

ಕಂಬ, ತೊಲೆ, ಗೋಡೆ, ಕೊಳವೆ, ತಂತಿ ಎಲ್ಲವನ್ನೂ ಅಳತೆ, ವಸ್ತು, ದರಗಳ ಸಮೇತ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿ, ಆಮೇಲೆ ನೆಲದ ಮೇಲೆ ಕಟ್ಟುವ ಪದ್ಧತಿಗೆ ಬಿಲ್ಡಿಂಗ್ ಇನ್‌ಫರ್ಮೇಷನ್ ಮಾಡೆಲಿಂಗ್, ಚಿಕ್ಕದಾಗಿ ಬಿಐಎಂ, ಎಂದು ಹೆಸರು. ಈ ಪದ್ಧತಿಗೆ ಸುಮಾರು 50 ವರ್ಷಗಳ ಇತಿಹಾಸವಿದೆ. ಇದರಿಂದ ಹಣ ಉಳಿಯುತ್ತದೆ ಎಂಬ ಮಾತಿಗೂ ಅಷ್ಟೇ ವಯಸ್ಸು. ಎಷ್ಟು ಉಳಿಯುತ್ತದೆ ಎಂದು ಕೇಳಿದಾಗ ಮಾತ್ರ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಬಂದಿದೆ. 1970ರ ದಶಕದಲ್ಲಿ ವಿನ್ಯಾಸದ ಖರ್ಚಿನಲ್ಲಿ ಅರ್ಧಕ್ಕರ್ಧ ಎಂದರು. ಆಮೇಲೆ ಗುತ್ತಿಗೆಯ ಮೊತ್ತದಲ್ಲಿ ಶೇ. 10 ಎಂದರು, ಸರ್ಕಾರಗಳು ಶೇ. 20ರವರೆಗೆ ಗುರಿ ಇಟ್ಟುಕೊಂಡವು. 2018ರಲ್ಲಿ ಬ್ರಿಟನ್ನಿನ ಎರಡು ಯೋಜನೆಗಳನ್ನು ಕೂಲಂಕಷವಾಗಿ ಅಳೆದಾಗ ಸಿಕ್ಕಿದ್ದು ಶೇ. 1.5 ಮತ್ತು ಶೇ. 3. ಈ ಅವಧಿಯಲ್ಲಿ ತಂತ್ರಜ್ಞಾನ ಸುಧಾರಿಸುತ್ತಲೇ ಹೋಯಿತು. ಅಂಕಿ ಇಳಿದದ್ದು ಅಳೆಯುವ ಕೈ ಪಳಗಿದ್ದರಿಂದ.

ಈ ಅಳತೆಯಲ್ಲಿ ಒಂದು ಮೂಲ ತೊಡಕಿದೆ. ಉಳಿತಾಯವೆಂದರೆ ಆಗಬೇಕಿದ್ದು ಆಗದೆ ಹೋದ ಖರ್ಚು. ಆದ ಖರ್ಚಿಗೆ ಬಿಲ್ಲಿದೆ, ರಸೀದಿಯಿದೆ, ಸಹಿಯಿದೆ. ಆಗದೆ ಹೋದದ್ದಕ್ಕೆ ಯಾವ ಕಾಗದವೂ ಇಲ್ಲ. ಒಂದೇ ಜಾಗದಲ್ಲಿ ಒಂದೇ ಕಟ್ಟಡವನ್ನು ಒಮ್ಮೆ ಡಿಜಿಟಲ್ ಮಾದರಿ ಇಟ್ಟುಕೊಂಡು, ಇನ್ನೊಮ್ಮೆ ಮಾದರಿಯಿಲ್ಲದೆ ಕಟ್ಟಿ ಹೋಲಿಸಲು ಬರುವುದಿಲ್ಲ. ಮಾದರಿಯಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿಕೊಂಡೇ ಲೆಕ್ಕ ಹಾಕಬೇಕು. ಆ ಊಹೆಯ ಕಟ್ಟಡವನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ನಿಲ್ಲಿಸಿದರು ಎಂಬುದನ್ನೇ ಉಳಿತಾಯದ ಅಂಕಿ ಅವಲಂಬಿಸಿದೆ.

ಕಟ್ಟಡ ಉದ್ಯಮದ ಹಳೆಯ ಲೆಕ್ಕಪದ್ಧತಿ ಇಂಥ ಪ್ರಶ್ನೆಗೆ ತಯಾರಾಗಿರಲಿಲ್ಲ. ಬ್ರಿಟನ್ನಿನಲ್ಲಿ ಕ್ವಾಂಟಿಟಿ ಸರ್ವೇಯರ್ ನಕ್ಷೆ ನೋಡಿ ಪರಿಮಾಣಪಟ್ಟಿ ತಯಾರಿಸುತ್ತಿದ್ದ, ಅದರ ಮೇಲೆ ಟೆಂಡರ್ ನಡೆಯುತ್ತಿತ್ತು. ಕರ್ನಾಟಕದ ಲೋಕೋಪಯೋಗಿ ಕಾಮಗಾರಿಗಳಲ್ಲಿ ಹಣ ಪಾವತಿಗೆ ಆಧಾರ ಮೆಷರ್‌ಮೆಂಟ್ ಬುಕ್, ಎಲ್ಲರ ಬಾಯಲ್ಲಿ ‘ಎಂ.ಬಿ.’. ಎಂಜಿನಿಯರ್ ಸೈಟಿನಲ್ಲಿ ಅಳೆದು ಉದ್ದ, ಅಗಲ, ಆಳ ಬರೆಯುತ್ತಾರೆ. ಪರಿಮಾಣವನ್ನು ಗುತ್ತಿಗೆಯ ದರದಿಂದ ಗುಣಿಸಿದರೆ ಬಿಲ್ಲಾಗುತ್ತದೆ. ಬ್ರಿಟಿಷರ ಕಾಲದಿಂದ ಬಂದ ಈ ಪುಸ್ತಕ ಆದ ಕೆಲಸವನ್ನು ಕಟ್ಟುನಿಟ್ಟಾಗಿ ಹಿಡಿದಿಡುತ್ತದೆ. ಆದರೆ ಕಟ್ಟಿ ಒಡೆದ ಗೋಡೆ, ತೊಲೆಗೆ ಅಡ್ಡ ಬಂತೆಂದು ಬಿಚ್ಚಿ ಮತ್ತೆ ಹಾಕಿದ ಪೈಪು, ಪರಿಷ್ಕೃತ ನಕ್ಷೆ ಬರಲೆಂದು ಕೈಕಟ್ಟಿ ಕೂತ ದಿನಗಳು ಅದರಲ್ಲಿ ಕಾಣುವುದಿಲ್ಲ. ಅಂಥ ನಷ್ಟವನ್ನು ಗುತ್ತಿಗೆದಾರ ಮೊದಲೇ ತನ್ನ ದರದಲ್ಲಿ ಸೇರಿಸಿಕೊಂಡಿರುತ್ತಾನೆ, ಇಲ್ಲವೇ ಹೆಚ್ಚುವರಿ ಕೆಲಸವೆಂದು ಕೊನೆಗೆ ಕೇಳುತ್ತಾನೆ. ಎರಡರಲ್ಲಿ ಯಾವುದಾದರೂ ಹಣ ತೆರುವವನು ಮಾಲೀಕ.

ಈ ಮರೆಯ ಖರ್ಚು ಎಷ್ಟು ದೊಡ್ಡದು ಎಂಬುದಕ್ಕೆ ಅಮೆರಿಕದಲ್ಲಿ 1992ರಲ್ಲಿ ಒಂದು ಉತ್ತರ ಸಿಕ್ಕಿತು. ಜೇಮ್ಸ್ ಬುರಾಟಿ ಮತ್ತು ಸಂಗಡಿಗರು ಒಂಬತ್ತು ಯೋಜನೆಗಳ ದಾಖಲೆ ತೆಗೆದು, ವಿನ್ಯಾಸದಲ್ಲೋ ಕಟ್ಟುವಾಗಲೋ ತಪ್ಪಾಗಿ ಅಥವಾ ಬದಲಾಗಿ ಮತ್ತೆ ಮಾಡಬೇಕಾದ ಕೆಲಸಗಳನ್ನೆಲ್ಲ ಕೂಡಿಸಿದರು. ಅದರ ಸರಾಸರಿ ಯೋಜನೆಯ ಒಟ್ಟು ವೆಚ್ಚದ ಶೇ. 12.4ರಷ್ಟಿತ್ತು. ಮುಂದೆ ಬಿಐಎಂ ಪರವಾಗಿ ನಡೆದ ಬಹಳಷ್ಟು ವಾದಕ್ಕೆ ನೆಲೆ ಇಂಥ ಅಧ್ಯಯನಗಳೇ. ಪುನರ್‌ಕೆಲಸಕ್ಕೆ ಇಷ್ಟು ಹಣ ಹೋಗುತ್ತಿದ್ದರೆ ಅದರಲ್ಲೊಂದು ಪಾಲನ್ನಾದರೂ ತಡೆಯಬಹುದು ಎಂಬ ತರ್ಕ ಸರಳ, ಸರಿಯಾದದ್ದೂ ಹೌದು.

ಆದರೆ ಉಳಿತಾಯದ ಮೊದಲ ಭರವಸೆ ಬಂದದ್ದು ಇನ್ನೂ ಹಿಂದೆ, ಪುನರ್‌ಕೆಲಸದ ಯೋಚನೆಯಿಂದಲ್ಲ, ನಕ್ಷೆ ಬರೆಯುವ ಶ್ರಮದ ಯೋಚನೆಯಿಂದ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ‘ಸ್ಕೆಚ್‌ಪ್ಯಾಡ್’ ರಚಿಸಿ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆಯಬಹುದೆಂದು ತೋರಿಸಿದ್ದರು. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ವಾಸ್ತುಶಿಲ್ಪಿ ಚಾರ್ಲ್ಸ್ ಈಸ್ಟ್‌ಮನ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಕಂಪ್ಯೂಟರಿನಲ್ಲಿ ಇರಬೇಕಾದದ್ದು ಗೆರೆಗಳಲ್ಲ, ಕಟ್ಟಡದ ಭಾಗಗಳು; ನಕ್ಷೆಗಳು ಆ ಭಾಗಗಳಿಂದ ತಾವಾಗಿ ಹುಟ್ಟಬೇಕು ಎಂಬುದು ಅವರ ನಿಲುವು. 1970ರ ದಶಕದ ನಡುವೆ ಅವರು ರೂಪಿಸಿದ ‘ಬಿಲ್ಡಿಂಗ್ ಡಿಸ್ಕ್ರಿಪ್ಷನ್ ಸಿಸ್ಟಮ್’ನಲ್ಲಿ ಒಂದು ಕಂಬವನ್ನು ಒಂದು ಕಡೆ ಸರಿಸಿದರೆ ನೆಲನಕ್ಷೆ, ಮುಂಭಾಗ, ಛೇದನೋಟ ಎಲ್ಲದರಲ್ಲೂ ಅದು ಸರಿಯುತ್ತಿತ್ತು. ನಕ್ಷೆ ಬರೆಯುವ, ವಿಶ್ಲೇಷಿಸುವ ದುಡಿಮೆ ತಗ್ಗಿ ವಿನ್ಯಾಸದ ಖರ್ಚು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂದು ಈಸ್ಟ್‌ಮನ್ ಅಂದಾಜಿಸಿದರು.

ಆ ಅಂದಾಜು ಇಡೀ ಕಟ್ಟಡದ ವೆಚ್ಚಕ್ಕಲ್ಲ, ವಿನ್ಯಾಸದ ವೆಚ್ಚಕ್ಕೆ ಮಾತ್ರ ಸಂಬಂಧಿಸಿದ್ದು. ಅದು ನಿಜವೂ ಆಗಲಿಲ್ಲ. ಮುಂದಿನ ದಶಕಗಳಲ್ಲಿ ಗೆರೆ ಎಳೆಯುವ ಕೆಲಸ ಹಗುರವಾಯಿತು, ಆದರೆ ಮಾದರಿಗೆ ಮಾಹಿತಿ ತುಂಬುವ ಕೆಲಸ ಹೊಸದಾಗಿ ಸೇರಿಕೊಂಡಿತು. ಹಿಂದೆ ಸೈಟಿನಲ್ಲಿ ಮೇಸ್ತ್ರಿಯೋ ಪ್ಲಂಬರೋ ನಿಂತಲ್ಲೇ ತೀರ್ಮಾನಿಸುತ್ತಿದ್ದ ಎಷ್ಟೋ ಸಂಗತಿಗಳನ್ನು ಈಗ ವಿನ್ಯಾಸಕಾರ ಮೊದಲೇ ತೀರ್ಮಾನಿಸಬೇಕಾಯಿತು. ವಿನ್ಯಾಸದ ದುಡಿಮೆ ಕಡಿಮೆಯಾಗದೆ ಮುಂಚಿನ ಹಂತಗಳಿಗೆ ಸರಿಯಿತು. ಹಾಗೆ ಸರಿಯುವುದು ಒಳ್ಳೆಯದೇ ಎಂಬುದಕ್ಕೆ ಸಮರ್ಥನೆಯನ್ನು ಸ್ಟ್ಯಾನ್‌ಫರ್ಡ್‌ನ ಬಾಯ್ಡ್ ಪಾಲ್ಸನ್ 1976ರಲ್ಲೇ ಒಂದು ರೇಖಾಚಿತ್ರದಲ್ಲಿ ಕೊಟ್ಟಿದ್ದರು. ಯೋಜನೆ ಮುಂದೆ ಸಾಗಿದಂತೆ ಆದ ಖರ್ಚಿನ ಗೆರೆ ಏರುತ್ತದೆ, ಖರ್ಚನ್ನು ಬದಲಿಸುವ ಶಕ್ತಿಯ ಗೆರೆ ಇಳಿಯುತ್ತದೆ. ಸುಮಾರು 30 ವರ್ಷಗಳ ಮೇಲೆ ವಾಸ್ತುಶಿಲ್ಪಿ ಪ್ಯಾಟ್ರಿಕ್ ಮೆಕ್ಲೀಮಿ ಇದೇ ವಿಚಾರವನ್ನು ಬಿಐಎಂ ಪರವಾಗಿ ಮತ್ತೆ ಚಿತ್ರಿಸಿದರು. ಅವರ ಹೆಸರಿನ ವಕ್ರರೇಖೆ ಇಂದಿಗೂ ತರಬೇತಿಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದು ಅಳೆದು ಬರೆದ ಗೆರೆಯಲ್ಲ, ತರ್ಕವನ್ನು ವಿವರಿಸುವ ಗೆರೆ. ಅಳೆದ ಗೆರೆಯೆಂಬಂತೆ ಅದನ್ನು ಬಳಸುವುದು ಈ ಕ್ಷೇತ್ರದಲ್ಲಿ ಬೇರೂರಿದ ತಪ್ಪುಗಳಲ್ಲಿ ಒಂದು.

ತಂತ್ರಾಂಶಗಳ ಕಥೆಯನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಬ್ರಿಟನ್ನಿನ ‘ರುಕ್ಯಾಪ್ಸ್’ ತಂತ್ರಾಂಶವನ್ನು 1980ರ ದಶಕದಲ್ಲಿ ಹೀಥ್ರೊ ವಿಮಾನ ನಿಲ್ದಾಣದ 3ನೇ ಟರ್ಮಿನಲ್ ಕಾಮಗಾರಿಯ ಹಂತಗಳನ್ನು ಯೋಜಿಸಲು ಬಳಸಲಾಯಿತು. ಬುಡಾಪೆಸ್ಟ್‌ನಲ್ಲಿ ಗಾಬೋರ್ ಬೋಯಾರ್ 1982ರಲ್ಲಿ ಸ್ಥಾಪಿಸಿದ ಗ್ರಾಫಿಸಾಫ್ಟ್ ಕಂಪನಿಯ ‘ಆರ್ಕಿಕ್ಯಾಡ್’ ವೈಯಕ್ತಿಕ ಕಂಪ್ಯೂಟರಿಗೆ ಈ ವಿಧಾನವನ್ನು ತಂದಿತು. 2000ದಲ್ಲಿ ‘ರೆವಿಟ್’ ಬಂತು. ಎರಡೇ ವರ್ಷದಲ್ಲಿ ಆಟೊಡೆಸ್ಕ್ ಅದನ್ನು 13.3 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿಂದಾಚೆಗೆ ಬಿಐಎಂ ಎಂಬ ಹೆಸರು ಉದ್ಯಮದಲ್ಲೆಲ್ಲ ಹಬ್ಬಿತು. ಮಾರುವವರಿಗೆ ಉಳಿತಾಯದ ಅಂಕಿ ಬೇಕಾಯಿತು, ಕೊಳ್ಳುವವರಿಗೂ ಬೇಕಾಯಿತು.

ಮೊದಲು ಸಿಕ್ಕ ದೊಡ್ಡ ಅಂಕಿ ಉಳಿತಾಯದ್ದಲ್ಲ, ನಷ್ಟದ್ದು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ (ನಿಸ್ಟ್) 2004ರಲ್ಲಿ ಒಂದು ವರದಿ ಪ್ರಕಟಿಸಿತು. ಒಬ್ಬರ ಕಂಪ್ಯೂಟರಿನ ಮಾಹಿತಿ ಇನ್ನೊಬ್ಬರ ಕಂಪ್ಯೂಟರಿಗೆ ಸರಿಯಾಗಿ ದಾಟದೆ ಇರುವುದರಿಂದ ಅಮೆರಿಕದ ದೊಡ್ಡ ಕಟ್ಟಡ ಹಾಗೂ ಸ್ಥಾವರ ಉದ್ಯಮಕ್ಕೆ 2002ರಲ್ಲಿ ಆದ ನಷ್ಟ 1,580 ಕೋಟಿ ಡಾಲರ್ ಎಂದು ಅದು ಲೆಕ್ಕ ಹಾಕಿತ್ತು. ಒಂದೇ ಮಾಹಿತಿಯನ್ನು ಹತ್ತು ಕಡೆ ಮತ್ತೆ ಟೈಪು ಮಾಡುವುದು, ಹಳೆಯ ನಕ್ಷೆ ಹುಡುಕುವುದು, ಯಾವುದು ಕೊನೆಯ ಆವೃತ್ತಿ ಎಂದು ಪರಿಶೀಲಿಸುವುದು, ಇಂಥ ಕೆಲಸಗಳ ಕೂಲಿಯೇ ಅದರ ಬಹುಪಾಲು. ಸಂದರ್ಶನ, ಸಮೀಕ್ಷೆಗಳಿಂದ ಬಂದ ಉತ್ತರಗಳನ್ನು ಇಡೀ ಉದ್ಯಮಕ್ಕೆ ವಿಸ್ತರಿಸಿ ಈ ಮೊತ್ತ ತೆಗೆಯಲಾಗಿತ್ತು. ಹೋಲಿಕೆಗೆ ಇಟ್ಟುಕೊಂಡದ್ದು ಮಾಹಿತಿ ಎಲ್ಲೂ ತಡೆಯಿಲ್ಲದೆ ಹರಿಯುವ ಒಂದು ಆದರ್ಶ ಸ್ಥಿತಿಯನ್ನು. ಅಂಥ ಉದ್ಯಮ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಆದ್ದರಿಂದ 1,580 ಕೋಟಿ ಡಾಲರನ್ನು ಬಿಐಎಂ ಉಳಿಸಬಲ್ಲ ಹಣವೆಂದು ಓದಿದರೆ ತಪ್ಪಾಗುತ್ತದೆ. ಅನೇಕರು ಹಾಗೆಯೇ ಓದಿದರು.

ಆ ವರದಿಯ ನಿಜವಾದ ಬೆಲೆ ಇದ್ದದ್ದು ಹಂಚಿಕೆಯಲ್ಲಿ. ನಷ್ಟದಲ್ಲಿ ವಾಸ್ತುಶಿಲ್ಪಿ ಹಾಗೂ ಎಂಜಿನಿಯರುಗಳ ಪಾಲು 120 ಕೋಟಿ ಡಾಲರ್, ಮುಖ್ಯ ಗುತ್ತಿಗೆದಾರರದು 180 ಕೋಟಿ, ಬಿಡಿಭಾಗ ತಯಾರಕರು ಮತ್ತು ಪೂರೈಕೆದಾರರದು 220 ಕೋಟಿ, ಮಾಲೀಕರು ಹಾಗೂ ಕಟ್ಟಡವನ್ನು ನಡೆಸುವವರದು 1,060 ಕೋಟಿ. ಮೂರರಲ್ಲಿ ಎರಡು ಪಾಲು ಕಟ್ಟಡ ಕಟ್ಟುವವರದಲ್ಲ, ಕಟ್ಟಿಸಿಕೊಂಡವರದು. ಮಾದರಿ ತಯಾರಿಸುವ ಖರ್ಚು ಬೀಳುವುದು ವಿನ್ಯಾಸಕಾರರ ಮೇಲೆ, ಲಾಭ ಹೋಗುವುದು ಮಾಲೀಕರಿಗೆ. ಖರ್ಚು ಮಾಡುವವರೂ ಲಾಭ ಪಡೆಯುವವರೂ ಬೇರೆ ಬೇರೆಯಾಗಿರುವಾಗ ‘ಯೋಜನೆಯ ಉಳಿತಾಯ’ ಎಂದು ಒಂದೇ ಅಂಕಿ ಹೇಳಿದರೆ ಅದು ಯಾರ ಜೇಬಿನ ಮಾತು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ನಂತರದ ಅಧ್ಯಯನಗಳಲ್ಲಿ ಹಲವು ಈ ಪ್ರಶ್ನೆಯನ್ನು ಬದಿಗಿಟ್ಟವು.

2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಿಫೆ ಸಂಶೋಧನಾ ಕೇಂದ್ರ ಬಿಐಎಂ ಬಳಸಿದ 32 ದೊಡ್ಡ ಯೋಜನೆಗಳನ್ನು ಆಧರಿಸಿ ಕೆಲವು ಅಂಕಿಗಳನ್ನು ಕೊಟ್ಟಿತು. ಬಜೆಟ್ಟಿನಲ್ಲಿ ಇಲ್ಲದ ಬದಲಾವಣೆಗಳು ಶೇ. 40ರವರೆಗೆ ತಗ್ಗಿದವು. ವೆಚ್ಚದ ಅಂದಾಜು ಶೇ. 3ರೊಳಗೆ ನಿಖರವಾಯಿತು. ಅಂದಾಜು ತಯಾರಿಸುವ ಸಮಯ ಶೇ. 80ರವರೆಗೆ ಉಳಿಯಿತು. ಕ್ಲ್ಯಾಶ್‌ಗಳನ್ನು, ಅಂದರೆ ಗಾಳಿಯ ಡಕ್ಟು ತೊಲೆಯೊಳಗೆ ನುಗ್ಗುವಂಥ ತಪ್ಪುಗಳನ್ನು, ಮೊದಲೇ ಪತ್ತೆ ಹಚ್ಚಿದ್ದರಿಂದ ಗುತ್ತಿಗೆ ಮೊತ್ತದ ಶೇ. 10ರವರೆಗೆ ಉಳಿಯಿತು. ಕಾಮಗಾರಿಯ ಅವಧಿ ಶೇ. 7ರವರೆಗೆ ಇಳಿಯಿತು. ಮುಂದಿನ ಹತ್ತು ವರ್ಷ ಬಿಐಎಂ ಬಗ್ಗೆ ಬರೆದವರೆಲ್ಲ ಈ ಅಂಕಿಗಳನ್ನು ಎತ್ತಿಕೊಂಡರು. ಹಾಗೆ ಎತ್ತುವಾಗ ‘ವರೆಗೆ’ ಎಂಬುದು ಮೆಲ್ಲಗೆ ಉದುರಿಹೋಯಿತು. ಶೇ. 10ರವರೆಗೆ ಎಂದರೆ 32ರಲ್ಲಿ ಅತ್ಯುತ್ತಮವಾದ ಯೋಜನೆಯ ಫಲ, ಸರಾಸರಿ ಯೋಜನೆಯದಲ್ಲ. ಮಾರಾಟದ ಕರಪತ್ರಗಳಲ್ಲಿ ಅದು ಸರಾಸರಿಯಾಗಿಬಿಟ್ಟಿತು. ಈ ಕ್ಷೇತ್ರಕ್ಕೆ ಆದ ದೊಡ್ಡ ಹಾನಿ ಇದು. ಶೇ. 10 ನಿರೀಕ್ಷಿಸಿ ಶೇ. 2 ಪಡೆದ ಮಾಲೀಕನಿಗೆ ಆ ಶೇ. 2 ಲಾಭವಾಗಿ ಕಾಣುವುದಿಲ್ಲ, ಮೋಸವಾಗಿ ಕಾಣುತ್ತದೆ.

ಒಂದೊಂದೇ ಯೋಜನೆಯನ್ನು ಹತ್ತಿರದಿಂದ ನೋಡಿದ ಅಧ್ಯಯನಗಳಲ್ಲಿ ಹೆಚ್ಚು ತಿಳಿವಳಿಕೆ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನಲ್ಲಿ ಸಟರ್ ಹೆಲ್ತ್ ಸಂಸ್ಥೆಗಾಗಿ ಕಟ್ಟಿದ, ಸುಮಾರು 2,50,000 ಚದರಡಿಯ ಕಮೀನೊ ವೈದ್ಯಕೀಯ ಕಟ್ಟಡದ ವಿವರ 2008ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಂಥ ಕಟ್ಟಡದಲ್ಲಿ ಸೂರಿನ ಮೇಲಿನ ಜಾಗವೇ ಅತಿ ಇಕ್ಕಟ್ಟು. ಗಾಳಿಯ ಡಕ್ಟು, ನೀರಿನ ಪೈಪು, ವಿದ್ಯುತ್ತಿನ ಟ್ರೇ, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಕೊಳವೆ ಎಲ್ಲವೂ ಕೆಲವೇ ಅಡಿ ಎತ್ತರದಲ್ಲಿ ಒಂದನ್ನೊಂದು ದಾಟಿ ಹೋಗಬೇಕು. ಹಳೆಯ ಪದ್ಧತಿಯಲ್ಲಿ ಯಾರು ಮೊದಲು ಸೈಟಿಗೆ ಬಂದರೋ ಅವರಿಗೆ ಜಾಗ, ಕೊನೆಗೆ ಬಂದವನು ಬಗ್ಗಿಸಿ ತಿರುಗಿಸಿ ಹಾಕಿಕೊಳ್ಳಬೇಕು. ಕಮೀನೊದಲ್ಲಿ ಈ ಎಲ್ಲ ಉಪಗುತ್ತಿಗೆದಾರರೂ ತಂತಮ್ಮ ಮೂರು ಆಯಾಮದ ಮಾದರಿಗಳನ್ನು ಒಟ್ಟಿಗೆ ಕೂಡಿಸಿ, ಜಗಳವನ್ನು ಪರದೆಯ ಮೇಲೆಯೇ ಮುಗಿಸಿಕೊಂಡರು.

ಅದರ ಫಲ ಎಣಿಸಲು ಬರುವಂಥದ್ದಾಗಿತ್ತು. ಸೈಟಿನ ಜೋಡಣೆಯಲ್ಲಿ ಒಂದೂ ಕ್ಲ್ಯಾಶ್ ಆಗಲಿಲ್ಲ. ಪ್ಲಂಬಿಂಗ್ ಭಾಗಗಳೆಲ್ಲ, ನೂರಕ್ಕೆ ನೂರು, ಕಾರ್ಖಾನೆಯಲ್ಲೇ ತಯಾರಾಗಿ ಬಂದವು. ಡಕ್ಟು ಮುಂತಾದ ಯಾಂತ್ರಿಕ ಕೆಲಸ ಹಿಡಿದ ಗುತ್ತಿಗೆದಾರನ ಪುನರ್‌ಕೆಲಸ ಶೇ. 0.2ಕ್ಕಿಂತ ಕಡಿಮೆಯಿತ್ತು. ಈ ಉಪಗುತ್ತಿಗೆದಾರರ ಕೂಲಿಯಲ್ಲಿ ಶೇ. 20ರಿಂದ 30ರಷ್ಟು ಉಳಿಯಿತು. ಇಡೀ ಜೋಡಣೆಯ ಅವಧಿಯಲ್ಲಿ ದಾಖಲಾದ ಗಾಯದ ಪ್ರಕರಣ ಒಂದೇ ಒಂದು. ಮಾಲೀಕರಿಗೆ ಸುಮಾರು ಆರು ತಿಂಗಳು ಮತ್ತು ಸುಮಾರು 90 ಲಕ್ಷ ಡಾಲರ್ ಉಳಿಯಿತೆಂದು ಲೇಖಕರು ಹೇಳಿದರು. ಆ ಮೂವರು ಲೇಖಕರಲ್ಲಿ ಇಬ್ಬರು ಅದೇ ಕಾಮಗಾರಿಯ ಮುಖ್ಯ ಗುತ್ತಿಗೆ ಸಂಸ್ಥೆಯವರು ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕು. ಹಾಗೆ ಓದಿದರೂ ಇಲ್ಲಿ ಒಂದು ಗುಣ ಎದ್ದು ಕಾಣುತ್ತದೆ. ಡಾಲರಿಗಿಂತ ಮೊದಲು ಕ್ಲ್ಯಾಶ್, ಪುನರ್‌ಕೆಲಸ, ಗಾಯಗಳಂಥ ಸೈಟಿನ ಸಂಗತಿಗಳನ್ನೇ ಎಣಿಸಲಾಗಿದೆ. ಶೇ. 0.2ರ ಪುನರ್‌ಕೆಲಸ ಎಂಬುದು ಆದ ಸಂಗತಿ, ಅದನ್ನು ಪರೀಕ್ಷಿಸಬಹುದು. 90 ಲಕ್ಷ ಡಾಲರ್ ಎಂಬುದು ಆಗದ ಸಂಗತಿಯ ಬೆಲೆ.

ಆಗದ ಸಂಗತಿಗೆ ಬೆಲೆ ಕಟ್ಟುವಾಗ ಏನೇನಾಗಬಹುದು ಎಂಬುದಕ್ಕೆ ಅಟ್ಲಾಂಟಾದ ಒಂದು ಹೋಟೆಲಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿನ ಹಿಲ್ಟನ್ ಗಾರ್ಡನ್ ಇನ್ ಸುಮಾರು 4.6 ಕೋಟಿ ಡಾಲರಿನ ಕಾಮಗಾರಿ. ಮಾದರಿಗೆ ತಗುಲಿದ್ದು 90,000 ಡಾಲರ್, ಅಂದರೆ ಬಜೆಟ್ಟಿನ ಸುಮಾರು ಶೇ. 0.2. ಕಟ್ಟುವ ಮೊದಲೇ ಮಾದರಿಯಲ್ಲಿ 590ಕ್ಕೂ ಹೆಚ್ಚು ಕ್ಲ್ಯಾಶ್‌ಗಳು ಸಿಕ್ಕವು. ಇವು ಸೈಟಿನಲ್ಲಿ ಎದುರಾಗಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ಒಂದೊಂದಕ್ಕೂ ಬೆಲೆ ಹಾಕಿ ಕೂಡಿಸಿದಾಗ ಬಂದ ಮೊತ್ತ ಸುಮಾರು 8 ಲಕ್ಷ ಡಾಲರ್. ಆದರೆ ಅನುಭವವಿರುವ ಎಂಜಿನಿಯರುಗಳು ಕಾಗದದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿಯೂ ಎಷ್ಟೋ ಕ್ಲ್ಯಾಶ್‌ಗಳನ್ನು ಹಿಡಿಯುತ್ತಾರೆ. ಹಾಗೆ ಮುಕ್ಕಾಲು ಪಾಲು ಹೇಗೂ ಸಿಗುತ್ತಿತ್ತೆಂದು ಬಿಟ್ಟುಕೊಟ್ಟರೆ ಉಳಿಯುವುದು ಸುಮಾರು 2 ಲಕ್ಷ ಡಾಲರ್. ಸಲ್ಮಾನ್ ಅಜ್ಹರ್ ಮತ್ತು ಜೊತೆಗಾರರು ಈ ಎರಡು ಲೆಕ್ಕಗಳನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 8 ಲಕ್ಷ ಹಿಡಿದರೆ ಹೂಡಿಕೆಯ ಮೇಲಿನ ಪ್ರತಿಫಲ ಶೇ. 780ರ ಆಸುಪಾಸು. 2 ಲಕ್ಷ ಹಿಡಿದರೆ ಅದೇ ಪ್ರತಿಫಲ ಶೇ. 120ರ ಸುತ್ತಮುತ್ತ ನಿಲ್ಲುತ್ತದೆ. ಕಟ್ಟಡ ಒಂದೇ, ಮಾದರಿ ಒಂದೇ, ಕ್ಲ್ಯಾಶ್‌ಗಳೂ ಅವೇ. ಬದಲಾದದ್ದು ಊಹೆಯ ಕಟ್ಟಡದಲ್ಲಿ ಎಷ್ಟು ಜಾಣ ಎಂಜಿನಿಯರುಗಳಿದ್ದರು ಎಂಬುದಷ್ಟೆ. ಮುಕ್ಕಾಲು ಎಂಬ ಪ್ರಮಾಣವೂ ಅಳೆದದ್ದಲ್ಲ, ಒಪ್ಪಿಕೊಂಡದ್ದು.

ಅಜ್ಹರ್ 2011ರಲ್ಲಿ ಒಂದೇ ಗುತ್ತಿಗೆ ಸಂಸ್ಥೆಯ ಹತ್ತು ಯೋಜನೆಗಳನ್ನು ಸಾಲಾಗಿ ಇಟ್ಟು ತೋರಿಸಿದ ಪಟ್ಟಿಯಲ್ಲಿ ಪ್ರತಿಫಲ ಶೇ. 140ರಿಂದ ಶೇ. 39,900ರವರೆಗೆ ಹರಡಿತ್ತು. ಕೊನೆಯ ಅಂಕಿ ಜಾರ್ಜಿಯಾದ ಸವಾನ್ನಾ ಸ್ಟೇಟ್ ವಿಶ್ವವಿದ್ಯಾಲಯದ ಕಟ್ಟಡದ್ದು. ಅಲ್ಲಿ 5,000 ಡಾಲರಿನ ಮಾದರಿಗಳಿಂದ ವಿನ್ಯಾಸದ ಪರ್ಯಾಯಗಳನ್ನು ಹೋಲಿಸಿ, ಕಡಿಮೆ ಖರ್ಚಿನದನ್ನು ಆರಿಸಿಕೊಂಡದ್ದರಿಂದ 20 ಲಕ್ಷ ಡಾಲರ್ ಉಳಿಯಿತೆಂದು ಎಣಿಸಲಾಗಿತ್ತು. ಪರ್ಯಾಯಗಳನ್ನು ತೂಗಿ ನೋಡುವುದು ಮಾದರಿ ಬರುವ ಮೊದಲೂ ವಾಸ್ತುಶಿಲ್ಪಿಗಳು ಮಾಡುತ್ತಿದ್ದ ಕೆಲಸವೇ. ಆಯ್ಕೆಯ ಪೂರ್ಣ ಶ್ರೇಯವನ್ನು ಮಾದರಿಗೆ ಕೊಟ್ಟದ್ದರಿಂದ, ಭಾಗಿಸುವ ಸಂಖ್ಯೆ ಬರೀ 5,000 ಆಗಿದ್ದರಿಂದ, ಪ್ರತಿಫಲ ಆಕಾಶಕ್ಕೇರಿತು. ಅಜ್ಹರ್ ಇದನ್ನು ಗುರುತಿಸಿಯೇ ಎರಡು ಸರಾಸರಿ ಕೊಟ್ಟರು. ಎಲ್ಲ ಯೋಜನೆ ಸೇರಿಸಿದರೆ ಶೇ. 1,633, ಆರಂಭದ ಯೋಜನಾ ಹಂತದ ಉಳಿತಾಯವಿದ್ದವನ್ನು ತೆಗೆದರೆ ಶೇ. 634. ಶೇಕಡಾವಾರು ಪ್ರತಿಫಲ ಎಂಬ ಅಳತೆಯೇ ಈ ವಿಷಯಕ್ಕೆ ಒಗ್ಗದು ಎಂಬುದಕ್ಕೆ ಈ ಪಟ್ಟಿ ಸಾಕ್ಷಿ. ಮಾದರಿಯ ಖರ್ಚು ಕಟ್ಟಡದ ಖರ್ಚಿನ ಮುಂದೆ ತೀರ ಸಣ್ಣದು. ಸಣ್ಣದರಿಂದ ಭಾಗಿಸಿದರೆ ಯಾವ ಮೊತ್ತವೂ ದೊಡ್ಡದಾಗುತ್ತದೆ. ತಂತ್ರಾಂಶದ ಲೈಸೆನ್ಸ್, ಸಿಬ್ಬಂದಿಯ ತರಬೇತಿ, ಕಲಿಯುವಾಗ ನಿಧಾನವಾದ ಕೆಲಸ ಇವನ್ನೆಲ್ಲ ಒಂದು ಯೋಜನೆಯ ಹೆಸರಿಗೆ ಬರೆಯುವುದು ಕಷ್ಟ. ಅವನ್ನು ಬಿಟ್ಟಷ್ಟೂ ಭಾಗಿಸುವ ಸಂಖ್ಯೆ ಇನ್ನೂ ಸಣ್ಣದಾಗುತ್ತದೆ. ಪಾಶ್ಚಾತ್ಯ ಯೋಜನೆಗಳ ಮಾದರಿ ಕೆಲಸದಲ್ಲಿ ಒಂದು ಪಾಲು ಬೆಂಗಳೂರಿನಂಥ ನಗರಗಳ ಕಚೇರಿಗಳಲ್ಲಿ, ಇಲ್ಲಿನ ಸಂಬಳದ ಮಟ್ಟದಲ್ಲಿ, ನಡೆಯುತ್ತದೆ. ಆ ಯೋಜನೆಗಳಲ್ಲಿ ಕಾಣುವ ಪ್ರತಿಫಲದ ಶೇಕಡಾವಾರಿನಲ್ಲಿ ಈ ಸಂಬಳದ ಅಂತರವೂ ಸೇರಿಕೊಂಡಿರುತ್ತದೆ.

ಊಹೆಯ ಕಟ್ಟಡದ ಬದಲು ನಿಜವಾದ ಕಟ್ಟಡವನ್ನೇ ಹೋಲಿಕೆಗೆ ಇಡುವ ಪ್ರಯತ್ನವೂ ನಡೆಯಿತು. ಫ್ಲಾರಿಡಾ ವಿಶ್ವವಿದ್ಯಾಲಯದ ಬ್ರಿಟನಿ ಗೀಲ್ ಮತ್ತು ರೇಮಂಡ್ ಇಸಾ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಬಗೆಯ ಕಟ್ಟಡಗಳನ್ನು ಜೋಡಿ ಮಾಡಿದರು: ಒಂದು ಬಿಐಎಂ ಬಳಸಿದ್ದು, ಇನ್ನೊಂದು ಬಳಸದ್ದು. ಬಳಸದ ಕಟ್ಟಡದ ದಾಖಲೆಯಲ್ಲಿ ಮಾದರಿ ಇದ್ದಿದ್ದರೆ ತಪ್ಪುತ್ತಿದ್ದ, ಕೆಲಸವನ್ನು ನಡುವೆ ಬದಲಿಸುವ ಚೇಂಜ್ ಆರ್ಡರ್‌ಗಳು ಯಾವುವು, ತಡವಾದದ್ದು ಎಷ್ಟು ದಿನ ಎಂದು ಹೆಕ್ಕಿ ಲೆಕ್ಕ ಹಾಕಿದರು. ಪ್ರತಿಫಲ ಶೇ. 16ರಿಂದ ಶೇ. 1,654ರವರೆಗೆ ಬಂತು. ಹರವು ಇಲ್ಲೂ ದೊಡ್ಡದೇ, ಆದರೆ ಅದಕ್ಕೆ ಕಾರಣ ಕಾಣುತ್ತದೆ: ಸರಳ ಕಟ್ಟಡದಲ್ಲಿ ಲಾಭ ಅಲ್ಪ, ಜಟಿಲವಾದ ದೊಡ್ಡ ಕಟ್ಟಡದಲ್ಲಿ ಹೆಚ್ಚು. ಗೋದಾಮಿನಲ್ಲಿ ಒಂದಕ್ಕೊಂದು ಡಿಕ್ಕಿಯಾಗಲು ಪೈಪುಗಳೇ ಕಡಿಮೆ. ಇದಕ್ಕೆ ಒಂದು ವರ್ಷ ಮೊದಲು ಕ್ರಿಸ್ಟನ್ ಬಾರ್ಲಿಷ್ ಮತ್ತು ಕೆನೆತ್ ಸಲಿವನ್, ಯಾವುದನ್ನು ಅಳೆಯಬೇಕು ಎಂಬುದನ್ನೇ ಮೊದಲು ತೀರ್ಮಾನಿಸಬೇಕೆಂದು ವಾದಿಸಿದ್ದರು. ಸೈಟಿನಿಂದ ವಿನ್ಯಾಸಕಾರರಿಗೆ ಹೋಗುವ ಸ್ಪಷ್ಟೀಕರಣದ ಪತ್ರಗಳು, ಚೇಂಜ್ ಆರ್ಡರ್‌ಗಳು, ಕಾಮಗಾರಿಯ ಅವಧಿ ಈ ಮೂರನ್ನು ಲಾಭದ ಕಡೆಗೂ, ವಿನ್ಯಾಸ ಹಾಗೂ ನಿರ್ಮಾಣದ ಖರ್ಚನ್ನು ಹೂಡಿಕೆಯ ಕಡೆಗೂ ಅವರು ಇಟ್ಟರು. ಸ್ಪಷ್ಟೀಕರಣದ ಪತ್ರಗಳ ಸಂಖ್ಯೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ಮಾದರಿಯಿಂದ ಪ್ರಶ್ನೆಗಳು ಕಡಿಮೆಯಾಗಬಹುದು, ಮಾದರಿಯೇ ಹೊಸ ಪ್ರಶ್ನೆಗಳನ್ನು ಮುಂಚಿತವಾಗಿ ಎಬ್ಬಿಸಲೂಬಹುದು. ಎರಡನೆಯದು ಆದಾಗ ಸಂಖ್ಯೆ ಏರುತ್ತದೆ, ಖರ್ಚು ಇಳಿಯುತ್ತದೆ.

ಇದೇ ವರ್ಷಗಳಲ್ಲಿ ಬಹಳ ಪ್ರಚಾರ ಪಡೆದದ್ದು ಮೆಕ್‌ಗ್ರಾ ಹಿಲ್ ಸಂಸ್ಥೆಯ ಸಮೀಕ್ಷೆಗಳು. ಉತ್ತರ ಅಮೆರಿಕದಲ್ಲಿ ಬಿಐಎಂ ಬಳಸುವವರು 2007ರಲ್ಲಿ ಶೇ. 28, 2009ರಲ್ಲಿ ಶೇ. 49, 2012ರಲ್ಲಿ ಶೇ. 71 ಎಂದು ಅವು ದಾಖಲಿಸಿದವು. ಬಳಕೆಯ ಚರಿತ್ರೆಗೆ ಅವು ಒಳ್ಳೆಯ ಆಧಾರ. ಪ್ರತಿಫಲದ ವಿಷಯದಲ್ಲಿ ಅವು ಕೇಳಿದ್ದು ಬಳಸುವವರ ಅನಿಸಿಕೆಯನ್ನು. ಅನಿಸಿಕೆ ಅಳತೆಯ ಜಾಗದಲ್ಲಿ ಕೂರಲಾರದು.

ಅಳತೆಯನ್ನು ಸರ್ಕಾರವೇ ಕೈಗೆತ್ತಿಕೊಂಡ ದೇಶ ಬ್ರಿಟನ್. ಅಲ್ಲಿ ಕಟ್ಟಡದ ಖರ್ಚು ಇಳಿಸುವ ಗುರಿಯನ್ನು ಮೊದಲು ಘೋಷಿಸಿ, ದಾರಿಯನ್ನು ಆಮೇಲೆ ಹುಡುಕುವ ಪರಿಪಾಠ ಹಳೆಯದು. ಮೈಕಲ್ ಲೇಥಮ್ ಅವರ 1994ರ ವರದಿ 2000ದ ಹೊತ್ತಿಗೆ ಖರ್ಚು ಶೇ. 30 ಇಳಿಯಬೇಕೆಂದಿತು. ಜಾನ್ ಈಗನ್ ಅವರ 1998ರ ವರದಿ ವರ್ಷಕ್ಕೆ ಶೇ. 10ರಂತೆ ಇಳಿಯಬೇಕೆಂದಿತು. 2008ರ ಆರ್ಥಿಕ ಕುಸಿತದ ನಂತರ ಬಂದ ಮಿತವ್ಯಯದ ದಿನಗಳಲ್ಲಿ, 2011ರ ಮೇ ತಿಂಗಳಲ್ಲಿ, ಸರ್ಕಾರ ತನ್ನ ನಿರ್ಮಾಣ ನೀತಿಯನ್ನು ಪ್ರಕಟಿಸಿತು. ಸಂಸತ್ತಿನ ಅವಧಿ ಮುಗಿಯುವುದರೊಳಗೆ ಸಾರ್ವಜನಿಕ ಕಟ್ಟಡಗಳ ಖರ್ಚು ಶೇ. 15ರಿಂದ 20 ಇಳಿಯಬೇಕು, 2016ರೊಳಗೆ ಕೇಂದ್ರ ಸರ್ಕಾರದ ಯೋಜನೆಗಳೆಲ್ಲ ಸಹಯೋಗದ ಮೂರು ಆಯಾಮದ ಬಿಐಎಂ ಬಳಸಬೇಕು ಎಂದು ಅದರಲ್ಲಿತ್ತು. ಸರ್ಕಾರದ ಮುಖ್ಯ ನಿರ್ಮಾಣ ಸಲಹೆಗಾರ ಪಾಲ್ ಮಾರೆಲ್ ಇದಕ್ಕೆ ಒತ್ತಾಸೆಯಾಗಿ ನಿಂತರು, ಮಾರ್ಕ್ ಬ್ಯೂ ಅದರ ಕಾರ್ಯಪಡೆಯನ್ನು ಮುನ್ನಡೆಸಿದರು. 2016ರ ಏಪ್ರಿಲ್‌ನಲ್ಲಿ ‘ಎರಡನೇ ಹಂತ’ದ, ಅಂದರೆ ಈ ಸಹಯೋಗದ, ಬಿಐಎಂ ಕಡ್ಡಾಯವಾಯಿತು.

ಆದರೆ ಶೇ. 15ರಿಂದ 20ರ ಗುರಿ ಬಿಐಎಂ ಒಂದಕ್ಕೇ ಇಟ್ಟದ್ದಲ್ಲ. ಖರೀದಿಯ ವಿಧಾನ, ಗುತ್ತಿಗೆಯ ಸ್ವರೂಪ, ಒಂದೇ ಬಗೆಯ ಕಟ್ಟಡಗಳ ಪುನರಾವರ್ತನೆ ಎಲ್ಲವೂ ಒಟ್ಟಿಗೆ ಬದಲಾಗುತ್ತಿದ್ದವು. ಕುಸಿತದ ಕಾಲದಲ್ಲಿ ಗುತ್ತಿಗೆದಾರರು ಕೆಲಸ ಸಿಕ್ಕರೆ ಸಾಕೆಂದು ಟೆಂಡರ್ ದರ ಇಳಿಸುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಖರ್ಚು ಇಳಿದಾಗ ಇದರಲ್ಲಿ ಬಿಐಎಂ ಪಾಲೆಷ್ಟು ಎಂದು ಬಿಡಿಸಿ ಹೇಳುವ ವಿಧಾನವೇ ಇರಲಿಲ್ಲ.

ಆ ವಿಧಾನ ರೂಪಿಸುವ ಕೆಲಸ ಪಿಡಬ್ಲ್ಯುಸಿ ಸಲಹಾ ಸಂಸ್ಥೆಗೆ ಬಂತು, 2018ರಲ್ಲಿ ಅದರ ವರದಿಗಳು ಹೊರಬಂದವು. ವಿಧಾನದ ತಿರುಳು ಹೀಗಿತ್ತು. ಮಾದರಿಯಿಂದ ಯಾವ ಕೆಲಸ ಹೇಗೆ ಬದಲಾಯಿತು ಎಂಬುದನ್ನು ಹಂತ ಹಂತವಾಗಿ ಬರೆಯಬೇಕು. ಆ ಬದಲಾವಣೆ ಯಾವ ದಾರಿಯಲ್ಲಿ ಹಣವಾಗಿ ಪರಿಣಮಿಸಿತು ಎಂದು ತೋರಿಸಬೇಕು. ಮಾದರಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ಯೋಜನೆಯಲ್ಲೇ ಕೆಲಸ ಮಾಡಿದವರ ಸಾಕ್ಷ್ಯದಿಂದ, ದಾಖಲೆಯಿಂದ ನಿರ್ಧರಿಸಬೇಕು. ಮುಂದಿನ ವರ್ಷಗಳಲ್ಲಿ ಬರುವ ಉಳಿತಾಯವನ್ನು ಇಂದಿನ ಮೌಲ್ಯಕ್ಕೆ ಇಳಿಸಬೇಕು. ಸಾಕ್ಷ್ಯ ಸಿಗದ ಲಾಭವನ್ನು ಹೆಸರಿಸಬಹುದು, ಕೂಡಿಸಬಾರದು.

ಇದನ್ನು ಎರಡು ಯೋಜನೆಗಳ ಮೇಲೆ ಪರೀಕ್ಷಿಸಲಾಯಿತು. ಒಂದು, ಲಂಡನ್ನಿನ 39, ವಿಕ್ಟೋರಿಯಾ ಸ್ಟ್ರೀಟ್‌ನಲ್ಲಿ ಆರೋಗ್ಯ ಇಲಾಖೆಗಾಗಿ ನವೀಕರಿಸಿದ ಕಚೇರಿ. ಇನ್ನೊಂದು, ಯಾರ್ಕ್ ನಗರದ ಫಾಸ್ ನದಿಯ ಪ್ರವಾಹ ತಡೆಗೋಡೆ. 1980ರ ದಶಕದಲ್ಲಿ ಕಟ್ಟಿದ ಈ ತಡೆಯ ಪಂಪುಗಳು 2015ರ ಡಿಸೆಂಬರ್ ಪ್ರವಾಹದಲ್ಲಿ ನೀರಿನ ರಭಸಕ್ಕೆ ಸಾಲದೆ, ವಿದ್ಯುತ್ ಸಲಕರಣೆಗೆ ನೀರು ನುಗ್ಗುವ ಭಯದಿಂದ ಗೇಟನ್ನು ಎತ್ತಬೇಕಾಗಿ ಬಂದು, ನಗರದ ನೂರಾರು ಮನೆ, ಅಂಗಡಿಗಳಿಗೆ ನೀರು ಹೊಕ್ಕಿತ್ತು. ಅದನ್ನು ಬಲಪಡಿಸುವ ತುರ್ತು ಕಾಮಗಾರಿಯಲ್ಲಿ ಬಿಐಎಂ ಬಳಸಲಾಗಿತ್ತು. ಕಚೇರಿ ಕಟ್ಟಡದಲ್ಲಿ ಉಳಿತಾಯ 6,76,907 ಪೌಂಡ್, ಒಟ್ಟು ವೆಚ್ಚದ ಶೇ. 3. ತಡೆಗೋಡೆಯಲ್ಲಿ 3,68,049 ಪೌಂಡ್, ಶೇ. 1.5. ಕಚೇರಿಯ ಉಳಿತಾಯದಲ್ಲಿ ದೊಡ್ಡ ಪಾಲು ಕಟ್ಟುವಾಗ ಬಂದದ್ದಲ್ಲ, ಕಟ್ಟಿದ ಮೇಲೆ ನಿರ್ವಹಣೆಯಲ್ಲಿ ಬರಬೇಕಾದದ್ದು. ನಿಸ್ಟ್ 2004ರಲ್ಲಿ ತೋರಿಸಿದ ಹಂಚಿಕೆಗೆ ಇದು ಚೆನ್ನಾಗಿ ಹೊಂದುತ್ತದೆ.

ಈ ಎರಡು ಅಂಕಿ ಬಂದಾಗ ಕೆಲವರಿಗೆ ನಿರಾಶೆಯಾಯಿತು. ನಿರಾಶೆಗೆ ಕಾರಣವಿರಲಿಲ್ಲ. ಲಾಭಾಂಶ ತೀರ ತೆಳುವಾಗಿರುವ ನಿರ್ಮಾಣ ಉದ್ಯಮದಲ್ಲಿ ಶೇ. 1.5 ಕೂಡ ದೊಡ್ಡ ಹಣ. ಅದಕ್ಕಿಂತ ಮುಖ್ಯ, ಇವು ಯಾವ ಲಾಭ ಎಲ್ಲಿಂದ ಬಂತು ಎಂದು ಬಿಡಿಸಿ ತೋರಿಸಬಲ್ಲ ಅಂಕಿಗಳು. ಹಣಕ್ಕೆ ಪರಿವರ್ತಿಸಲು ಸಾಕ್ಷ್ಯ ಸಾಲದ ಲಾಭಗಳನ್ನು ಹೊರಗಿಟ್ಟ ಕಾರಣ ನಿಜವಾದ ಉಳಿತಾಯ ಇವಕ್ಕಿಂತ ಹೆಚ್ಚೇ ಇರಬಹುದು. ಬಿಐಎಂ ಉಳಿತಾಯದ ಬಗ್ಗೆ ಬಂದ ಅಂಕಿಗಳಲ್ಲಿ ನಂಬಿಕೆಗೆ ಹೆಚ್ಚು ಅರ್ಹವಾದವು ಈ ಎರಡೇ. ಎರಡೇ ಯೋಜನೆಗಳಿಂದ ಇಡೀ ಉದ್ಯಮಕ್ಕೆ ತೀರ್ಪು ಕೊಡಲು ಬರುವುದಿಲ್ಲ ಎಂಬ ಮಿತಿ ಅವಕ್ಕಿದ್ದೇ ಇದೆ.

ಈ ವರ್ಷಗಳಲ್ಲೂ ದೊಡ್ಡ ಅಂಕಿಗಳ ಮೋಹ ಮುಗಿಯಲಿಲ್ಲ. 2017ರ ಐರೋಪ್ಯ ಬಿಐಎಂ ಕೈಪಿಡಿಯಲ್ಲಿ, ಬಿಐಎಂ ವ್ಯಾಪಕವಾಗಿ ಬಳಕೆಯಾಗಿ ಶೇ. 10 ಉಳಿದರೆ 1.3 ಲಕ್ಷ ಕೋಟಿ ಯೂರೊಗಳ ಮಾರುಕಟ್ಟೆಯಲ್ಲಿ 13,000 ಕೋಟಿ ಯೂರೊ ಉಳಿಯುತ್ತದೆ ಎಂಬ ವಾಕ್ಯವಿದೆ. ‘ಉಳಿದರೆ’ ಎಂದು ಹೇಳಿದ್ದನ್ನು ಆಮೇಲಿನವರು ‘ಉಳಿಯುತ್ತದೆ’ ಎಂದು ಬರೆದುಕೊಂಡರು. ಬ್ರಿಟನ್ನಿನಲ್ಲೇ 2021ರಲ್ಲಿ ಕೆಪಿಎಂಜಿ ಮತ್ತು ಅಟ್ಕಿನ್ಸ್ ಸಂಸ್ಥೆಗಳು ಸಿದ್ಧಪಡಿಸಿದ ವರದಿ, ಮಾಹಿತಿ ನಿರ್ವಹಣೆಗೆ ಹಾಕಿದ ಒಂದು ಪೌಂಡಿಗೆ 6.90ರಿಂದ 7.40 ಪೌಂಡಿನಷ್ಟು ನೇರ ಖರ್ಚು ಉಳಿಯಬಹುದೆಂದಿತು. ಪೌಂಡಿಗೆ ಏಳು ಪೌಂಡ್ ಎಂಬುದೂ ಒಟ್ಟು ವೆಚ್ಚದಲ್ಲಿ ಶೇ. 2 ಎಂಬುದೂ ಒಂದಕ್ಕೊಂದು ವಿರುದ್ಧವಲ್ಲ. ಹೂಡಿಕೆ ಒಟ್ಟು ವೆಚ್ಚದ ಶೇ. 0.3ರಷ್ಟಿದ್ದರೆ ಎರಡೂ ಒಂದೇ ಹಣ. ಯಾವುದರ ಶೇಕಡ ಎಂದು ಕೇಳದೆ ಯಾವ ಅಂಕಿಯನ್ನೂ ಇನ್ನೊಂದರ ಪಕ್ಕದಲ್ಲಿ ಇಡಬಾರದು.

ಭಾರತದಲ್ಲಿ ಮಾದರಿಯ ಬಳಕೆ ಅಳತೆಗಿಂತ ಬಹಳ ಮುಂದೆ ಹೋಗಿದೆ. ನಾಗ್ಪುರ ಮೆಟ್ರೊ ತನ್ನ ಆರಂಭದಿಂದಲೇ ಐದು ಆಯಾಮದ, ಅಂದರೆ ಆಕಾರದ ಜೊತೆಗೆ ಕಾಲ ಮತ್ತು ವೆಚ್ಚವನ್ನೂ ಹೊಂದಿಸಿದ, ಮಾದರಿಯನ್ನು ಬಳಸಿತು. ಆದರೆ ಇಲ್ಲಿನ ಚರ್ಚೆಗಳಲ್ಲಿ ಉಲ್ಲೇಖವಾಗುವ ಉಳಿತಾಯದ ಅಂಕಿಗಳು ಹೆಚ್ಚಾಗಿ ಸ್ಟ್ಯಾನ್‌ಫರ್ಡ್‌ನವು, ಅಟ್ಲಾಂಟಾದವು. ಅಮೆರಿಕದ ಕೂಲಿ ದರದಲ್ಲಿ ಒಂದು ಡಕ್ಟನ್ನು ಬಿಚ್ಚಿ ಮತ್ತೆ ಹಾಕುವ ಖರ್ಚೂ ಕರ್ನಾಟಕದ ಕೂಲಿ ದರದಲ್ಲಿ ಅದೇ ಕೆಲಸದ ಖರ್ಚೂ ಒಂದೇ ಆಗಲಾರವು. ಇಲ್ಲಿ ಪುನರ್‌ಕೆಲಸದ ಕೂಲಿ ಅಗ್ಗ, ತಡವಾದಾಗ ಏರುವ ಬಡ್ಡಿ ಮತ್ತು ಸಾಮಗ್ರಿಯ ಬೆಲೆ ದುಬಾರಿ. ಆದ್ದರಿಂದ ಇಲ್ಲಿ ಮಾದರಿಯ ಲಾಭ ಸಮಯದ ಕಡೆಯಿಂದ ಹೆಚ್ಚು ಬರುವ ಸಂಭವವಿದೆ. ಸಂಭವವನ್ನು ಅಳತೆಯಾಗಿಸಲು ಇಲ್ಲಿನದೇ ದಾಖಲೆ ಬೇಕು.

ಅದಕ್ಕೆ ಹೊಸ ತಂತ್ರಾಂಶದ ಅಗತ್ಯವಿಲ್ಲ. ಸಾರ್ವಜನಿಕ ಕಾಮಗಾರಿಗಳಲ್ಲಿ ಹೆಚ್ಚುವರಿ ಐಟಂಗಳಿಗೂ ಪರಿಮಾಣದ ವ್ಯತ್ಯಾಸಗಳಿಗೂ ಈಗಾಗಲೇ ಪಟ್ಟಿ ತಯಾರಾಗುತ್ತದೆ, ಮೇಲಧಿಕಾರಿಗಳ ಮಂಜೂರಾತಿಗೆ ಹೋಗುತ್ತದೆ. ಅದರಲ್ಲಿ ಪ್ರತಿ ಐಟಂನ ಎದುರು ಅದು ಹುಟ್ಟಿದ ಕಾರಣವನ್ನು, ನಕ್ಷೆಯ ದೋಷವೋ ನೆಲದೊಳಗಿನ ಅನಿರೀಕ್ಷಿತವೋ ಬಳಸುವ ಇಲಾಖೆಯ ಬೇಡಿಕೆ ಬದಲಾದದ್ದೋ ಎಂದು ಒಂದೇ ಬಗೆಯಲ್ಲಿ ಗುರುತಿಸಿ, ತಡವಾದ ದಿನಗಳ ಸಂಖ್ಯೆಯೊಂದಿಗೆ ಬರೆದಿಡಬೇಕು. ಮಾದರಿ ಬಳಸಿದ ಕಾಮಗಾರಿಗೂ ಬಳಸದ ಕಾಮಗಾರಿಗೂ ಈ ನಿಯಮ ಒಂದೇ ಇರಬೇಕು, ಬರೆಯುವುದು ಕಾಮಗಾರಿ ಮುಗಿದ ಮೇಲಲ್ಲ, ನಡೆಯುವಾಗಲೇ ಆಗಬೇಕು. ಬಿಐಎಂ ಕಡ್ಡಾಯ ಮಾಡಬೇಕೆನ್ನುವ ಇಲಾಖೆಗಳು ಮೊದಲು ಮಾಡಬೇಕಾದ ಆದೇಶ ಇದು.